ಹಿರಿಯರಿಗೆ ಕಿಡ್ನಿಯ ತೀವ್ರ ಉರಿಯೂತ: ಚಿಕಿತ್ಸೆ ಬೇಗ ಶುರುವಾಗಲಿ, ಡೋಸ್ ಅಳತೆಯಲ್ಲಿರಲಿ

ಎಪ್ಪತ್ತು ದಾಟಿದವರು ಸುಸ್ತು ಎಂದರೆ ವಯಸ್ಸಾಯಿತಲ್ಲ ಎನ್ನುತ್ತೇವೆ. ಕಾಲು ಊದಿದರೆ ಜಾಸ್ತಿ ಹೊತ್ತು ಕೂತಿದ್ದಕ್ಕೆ ಎನ್ನುತ್ತೇವೆ. ಊಟ ಸೇರದಿದ್ದರೆ ಗ್ಯಾಸ್ ಮಾತ್ರೆ ಕೊಟ್ಟು ಸುಮ್ಮನಾಗುತ್ತೇವೆ. ಹೀಗೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಳ್ಳುವಷ್ಟರಲ್ಲಿ ಮೂರು ವಾರ ಕಳೆದಿರುತ್ತದೆ. ಕಿಡ್ನಿಯ ತೀವ್ರ ಉರಿಯೂತಕ್ಕೆ ಮೂರು ವಾರ ಧಾರಾಳವಾಯಿತು.

ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ಕಿಡ್ನಿ ಕೆಡುವುದು ವರ್ಷಗಟ್ಟಲೆ ನಡೆಯುವ ಕಥೆ. ಇದು ಹಾಗಲ್ಲ. ರಕ್ತ ಸೋಸುವ ಪುಟ್ಟ ರಕ್ತನಾಳಗಳ ಗೊಂಚಲುಗಳಿಗೆ ಗ್ಲೊಮೆರುಲಸ್ ಎನ್ನುತ್ತಾರೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿ ಬೀಳುತ್ತದೆ. ಗೊಂಚಲಿನ ಗೋಡೆ ಒಡೆದು ರಕ್ತ, ಪ್ರೋಟೀನ್ ಮೂತ್ರಕ್ಕೆ ಸೋರುತ್ತವೆ. ಒಡೆದ ಜಾಗದಲ್ಲಿ ಜೀವಕೋಶಗಳು ಅರ್ಧಚಂದ್ರದ ಆಕಾರದಲ್ಲಿ ತುಂಬಿಕೊಂಡು ಗೊಂಚಲನ್ನೇ ಹಿಸುಕುತ್ತವೆ. ಈ ಅರ್ಧಚಂದ್ರ ಹೊಸದಾಗಿದ್ದರೆ ಔಷಧಿಗೆ ಕರಗಬಹುದು. ಗಾಯ ಮಾಗಿ ಕಲೆಯಾದ ಮೇಲೆ ಯಾವ ಔಷಧಿಯೂ ಅದನ್ನು ವಾಪಸ್ ತರುವುದಿಲ್ಲ. ಹೀಗೆ ವೇಗವಾಗಿ ಕೆಡುವ ಗ್ಲೊಮೆರುಲಸ್ ಉರಿಯೂತವನ್ನು ವೈದ್ಯರು ಚಿಕ್ಕದಾಗಿ ಆರ್‌ಪಿಜಿಎನ್ ಎನ್ನುತ್ತಾರೆ.

ವಯಸ್ಸಾದವರಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ಆಂಕಾ ವ್ಯಾಸ್ಕುಲೈಟಿಸ್, ಅಂದರೆ ಸಣ್ಣ ರಕ್ತನಾಳಗಳ ಉರಿಯೂತ. ಆಂಕಾ ಎನ್ನುವುದು ನಮ್ಮದೇ ಬಿಳಿ ರಕ್ತಕಣಗಳ ಮೇಲೆ ತಿರುಗಿ ಬೀಳುವ ಪ್ರತಿಕಾಯ (ಆ್ಯಂಟಿಬಾಡಿ). ಪ್ರತಿಕಾಯಗಳು ಗ್ಲೊಮೆರುಲಸ್‌ನ ಗೋಡೆಯ ಮೇಲೆಯೇ ದಾಳಿ ಮಾಡುವ ಆಂಟಿ-ಜಿಬಿಎಂ ಕಾಯಿಲೆ ಅಪರೂಪ, ಆದರೆ ಇನ್ನೂ ವೇಗದ್ದು. ರೋಗನಿರೋಧಕ ವ್ಯವಸ್ಥೆ ಹಲವು ಅಂಗಗಳ ಮೇಲೆ ತಿರುಗಿ ಬೀಳುವ ಲೂಪಸ್ ಈ ವಯಸ್ಸಿನಲ್ಲಿ ಕಡಿಮೆ. ಎಲ್ಲೋ ಒಂದು ಕಡೆ ಸೋಂಕಿದ್ದು, ಅದರ ಬೆನ್ನಿಗೆ ಕಿಡ್ನಿ ಉರಿಯುವುದೂ ಉಂಟು.

ಮನೆಯವರು ಒಂದು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಚಿಕಿತ್ಸೆ ತಡವಾದರೆ ಕಿಡ್ನಿ ಹೋಗುತ್ತದೆ. ಹಿರಿಯರ ದೇಹ ತಾಳದಷ್ಟು ಔಷಧಿ ಕೊಟ್ಟರೆ ಜೀವಕ್ಕೇ ಬರುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡರ ನಡುವೆ ದಾರಿ ಹುಡುಕುವುದಕ್ಕೆ. ಡೋಸ್ ನಿರ್ಧರಿಸುವವರು ವೈದ್ಯರೇ. ಇಲ್ಲಿ ಕೊಟ್ಟಿರುವ ಲೆಕ್ಕ ನೀವು ಸರಿಯಾದ ಪ್ರಶ್ನೆ ಕೇಳಲಿ ಎಂದು.

ಮೊದಲ ಹೆಜ್ಜೆ: ಅನುಮಾನ ಬರಲಿ

ಮೂತ್ರ ಕೋಲಾ ಬಣ್ಣಕ್ಕೋ ಕಡು ಟೀ ಬಣ್ಣಕ್ಕೋ ತಿರುಗಿದ್ದರೆ, ನೊರೆ ನಿಂತೇ ಇದ್ದರೆ, ಮೊದಲಿಗಿಂತ ಕಡಿಮೆ ಹೋಗುತ್ತಿದ್ದರೆ, ಕಾಲು ಮತ್ತು ಕಣ್ಣಿನ ಸುತ್ತ ಊತವಿದ್ದರೆ, ಹತೋಟಿಯಲ್ಲಿದ್ದ ಬಿಪಿ ಇದ್ದಕ್ಕಿದ್ದಂತೆ ಏರಿದರೆ ಕಿಡ್ನಿಯ ಕಡೆ ನೋಡಿ. ಎಷ್ಟೋ ಜನರಲ್ಲಿ ಮೂತ್ರದ ಬಣ್ಣ ಬದಲಾಗುವುದೇ ಇಲ್ಲ, ರಕ್ತ ಕಾಣುವುದು ಲ್ಯಾಬ್‌ನಲ್ಲಿ ಮಾತ್ರ. ಅದಕ್ಕೇ ಕಿಡ್ನಿಯ ಹೊರಗಿನ ಸುಳಿವುಗಳೂ ಮುಖ್ಯ. ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುವುದು, ಮೂಗಿನಲ್ಲಿ ಹಕ್ಕಳೆ ಕಟ್ಟಿ ರಕ್ತ ಬರುವುದು, ವಾಸಿಯಾಗದ ಸೈನಸ್, ಕೀಲು ನೋವು, ಕಾಲಿನ ಮೇಲೆ ಕೆಂಪು-ನೇರಳೆ ಚುಕ್ಕೆ, ಪಾದ ಎತ್ತಲಾಗದೆ ಎಳೆಯುವುದು. ಕೆಮ್ಮಿದಾಗ ರಕ್ತ ಬಂದರೆ ಬೆಳಗಾಗುವ ತನಕ ಕಾಯಬೇಡಿ, ತುರ್ತು ಚಿಕಿತ್ಸೆಗೇ ಹೋಗಿ. ಶ್ವಾಸಕೋಶದಲ್ಲೂ ರಕ್ತ ಸೋರುತ್ತಿರಬಹುದು.

ಹಿರಿಯರ ವಿಷಯದಲ್ಲಿ ಪದೇ ಪದೇ ಆಗುವ ಎಡವಟ್ಟು ಇದು: ಮೂತ್ರದಲ್ಲಿ ರಕ್ತ ಕಂಡ ಕೂಡಲೇ ಯೂರಿನ್ ಇನ್‌ಫೆಕ್ಷನ್ ಎಂದು ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಒಂದು ಕೋರ್ಸ್ ಮುಗಿದು ಇನ್ನೊಂದು. ಕಲ್ಚರ್‌ನಲ್ಲಿ ರೋಗಾಣು ಬೆಳೆದಿಲ್ಲ, ರಕ್ತ ಹೋಗುವುದು ನಿಂತಿಲ್ಲ, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ಕಸ, ರಕ್ತದಲ್ಲಿ ಅಳೆಯುತ್ತಾರೆ) ಏರುತ್ತಿದೆ ಎಂದಾದರೆ ಮೂರನೇ ಆ್ಯಂಟಿಬಯಾಟಿಕ್ ಕೇಳಬೇಡಿ. ಕಿಡ್ನಿ ತಜ್ಞರನ್ನು, ಅಂದರೆ ನೆಫ್ರಾಲಜಿಸ್ಟ್ ಅವರನ್ನು ಕೇಳಿ.

ಎರಡನೇ ಹೆಜ್ಜೆ: ಒಂದೆರಡು ದಿನದಲ್ಲೇ ಪರೀಕ್ಷೆ

ಶುರುವಿಗೆ ಎರಡೇ ಸಾಕು, ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ.

ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ವಯಸ್ಸಾದವರಲ್ಲಿ ಸ್ನಾಯು ಕಡಿಮೆ. ಹಾಗಾಗಿ ಕಿಡ್ನಿ ಕುಗ್ಗಿದ್ದರೂ ಸಂಖ್ಯೆ ನೋಡುವುದಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. 1.2 ಎಂದೇ ಇಟ್ಟುಕೊಳ್ಳಿ. 30 ವರ್ಷದ ಗಂಡಸಿಗೆ ಅದು ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು, ಕಡಿಮೆಯಾದಷ್ಟೂ ಕಿಡ್ನಿ ಕುಗ್ಗಿದೆ ಎಂದರ್ಥ) ಲೆಕ್ಕದಲ್ಲಿ ಸುಮಾರು 83. 80 ವರ್ಷದ ಹೆಂಗಸಿಗೆ ಅದೇ 1.2 ಎಂದರೆ 46ರ ಆಸುಪಾಸು. ರಿಪೋರ್ಟಿನಲ್ಲಿ ದಪ್ಪಕ್ಷರ ಇಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ಹಳೇ ರಿಪೋರ್ಟುಗಳನ್ನೆಲ್ಲ ಹುಡುಕಿ ತಾರೀಕಿನ ಪ್ರಕಾರ ಜೋಡಿಸಿಕೊಳ್ಳಿ. ಎರಡು ವರ್ಷದಿಂದ 2ರಲ್ಲೇ ನಿಂತಿರುವ ಕ್ರಿಯಾಟಿನಿನ್‌ಗಿಂತ ಮೂರು ವಾರದಲ್ಲಿ 1ರಿಂದ 1.8ಕ್ಕೆ ಹೋದದ್ದು ಹೆಚ್ಚು ಗಾಬರಿಯದು.

ಮೂತ್ರದ ಸ್ಯಾಂಪಲ್ ತಾಜಾ ಇರಬೇಕು. ಕೊಟ್ಟ ಒಂದೆರಡು ಗಂಟೆಯೊಳಗೆ ಅನುಭವಸ್ಥರು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಕಲ್ಲಿನಿಂದಲೋ ಪ್ರಾಸ್ಟೇಟ್‌ನಿಂದಲೋ ಬಂದ ಕೆಂಪು ರಕ್ತಕಣಗಳು ದುಂಡಗೇ ಇರುತ್ತವೆ. ಗ್ಲೊಮೆರುಲಸ್‌ನಲ್ಲಿ ತೂರಿ ಬಂದವು ಸೊಟ್ಟಗಾಗಿ, ಅಂಚಿನಲ್ಲಿ ಗುಳ್ಳೆ ಎದ್ದಂತೆ ಕಾಣುತ್ತವೆ. ಕೊಳವೆಯಲ್ಲಿ ಎರಕ ಹೊಯ್ದಂತೆ ಕೆಂಪುಕಣಗಳು ಅಂಟಿಕೊಂಡ ಉದ್ದನೆಯ ತುಂಡುಗಳು ಸಿಕ್ಕರೆ ಉರಿಯೂತ ಕಿಡ್ನಿಯಲ್ಲೇ ಇದೆ ಎಂದು ಹೆಚ್ಚುಕಡಿಮೆ ಖಾತ್ರಿ. ಮೆಷಿನ್ ಕೊಡುವ ರಿಪೋರ್ಟಿನಲ್ಲಿ ಇದು ತಪ್ಪಿಹೋಗುವುದುಂಟು. ಅದಕ್ಕೇ ಸ್ಯಾಂಪಲ್ ಅನ್ನು ಯಾರಾದರೂ ಕಣ್ಣಾರೆ ನೋಡಿದರಾ ಎಂದು ಕೇಳಿ.

ಇದರ ಜೊತೆಗೆ ಮೂತ್ರದ ಪ್ರೋಟೀನ್ ಪ್ರಮಾಣ, ಆಂಕಾ, ಆಂಟಿ-ಜಿಬಿಎಂ, ಲೂಪಸ್‌ನಂಥ ಕಾಯಿಲೆಗಳ ಸುಳಿವು ಕೊಡುವ ಎಎನ್‌ಎ, ಸಿ3-ಸಿ4, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸ್‌ರೇ ಅಥವಾ ಸಿಟಿ ಮಾಡಿಸುತ್ತಾರೆ. ಅಲ್ಟ್ರಾಸೌಂಡ್ ಬಿಡಬೇಡಿ. ಪ್ರಾಸ್ಟೇಟ್ ಊದಿ ಮೂತ್ರ ಕಟ್ಟಿಕೊಂಡಿದ್ದರೆ ಕಥೆಯೇ ಬೇರೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಕೂಡ ಈ ವಯಸ್ಸಿನಲ್ಲಿ ಕಿಡ್ನಿಯನ್ನು ಹೀಗೇ ಬೇಗ ಕೆಡಿಸುತ್ತದೆ, ಅದಕ್ಕೂ ರಕ್ತ ಪರೀಕ್ಷೆ ಬೇಕು.

ಮೂರನೇ ಹೆಜ್ಜೆ: ಔಷಧಿ ಚೀಲವನ್ನೇ ತೆಗೆದುಕೊಂಡು ಹೋಗಿ

ಚೀಟಿ ಬೇಡ, ಚೀಲವನ್ನೇ ಒಯ್ಯಿರಿ. ಚೀಟಿಯಲ್ಲಿ ಇರದ ಮಾತ್ರೆಗಳು ಚೀಲದಲ್ಲಿ ಇರುತ್ತವೆ. ಬಿಪಿಗೆ ಕೊಡುವ ಹೈಡ್ರಲಜೀನ್, ಥೈರಾಯ್ಡ್‌ಗೆ ಕೊಡುವ ಪ್ರೊಪೈಲ್‌ಥಯೋಯುರಾಸಿಲ್ ಇವು ಆಂಕಾ ಕಾಯಿಲೆಯನ್ನೇ ಹುಟ್ಟಿಸಬಲ್ಲವು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಕೆಲವು ಆ್ಯಂಟಿಬಯಾಟಿಕ್, ಗ್ಯಾಸ್ಟ್ರಿಕ್‌ಗೆ ನುಂಗುವ ಪ್ಯಾಂಟೊಪ್ರಜೋಲ್ ವರ್ಗದ ಮಾತ್ರೆಗಳಿಂದ ಕಿಡ್ನಿಯ ಒಳ ಅಂಗಾಂಶದಲ್ಲಿ ಬೇರೆ ಬಗೆಯ ಉರಿಯೂತ ಬರಬಹುದು. ಅದಕ್ಕೆ ಮೊದಲ ಮದ್ದು ಆ ಮಾತ್ರೆಯನ್ನು ನಿಲ್ಲಿಸುವುದೇ. ಗಿಡಮೂಲಿಕೆಯ ಪುಡಿ, ಕಷಾಯ ಏನಿದ್ದರೂ ಮುಚ್ಚಿಡಬೇಡಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮೂಲಿಕೆ ಮಾತ್ರೆ ತಿಂದ ಹಲವರು ಕಿಡ್ನಿ ಕಳೆದುಕೊಂಡರು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆ್ಯಸಿಡ್ ಅದಕ್ಕೆ ಕಾರಣ.

ಕಿಡ್ನಿ ಕುಗ್ಗಿದಾಗ ದೇಹದಲ್ಲಿ ಉಳಿದುಬಿಡುವ ಮಾತ್ರೆಗಳೂ ಇವೆ. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಹೋದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಡೋಸ್ ಇಳಿಸದಿದ್ದರೆ ಹಿರಿಯರು ಮಂಪರಿಗೆ ಜಾರುತ್ತಾರೆ, ಬೀಳುತ್ತಾರೆ.

ನಾಲ್ಕನೇ ಹೆಜ್ಜೆ: ಬಯಾಪ್ಸಿ

ಇಷ್ಟು ವಯಸ್ಸಿಗೆ ಬಯಾಪ್ಸಿ ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಪ್ರಕಾರ ವಯಸ್ಸಾಗಿರುವುದಕ್ಕೇ ಬಯಾಪ್ಸಿಯ ಬೆಲೆ ಹೆಚ್ಚು. ಮುಂದೆ ಕೊಡುವ ಔಷಧಿಗಳು ಬಲವಾದವು. ಅವುಗಳಿಂದ ಲಾಭ ಇದೆಯಾ ಇಲ್ಲವಾ ಎಂದು ಗೊತ್ತಿಲ್ಲದೆ 78ರ ದೇಹದ ಮೇಲೆ ಪ್ರಯೋಗಿಸುವುದು ಸರಿಯಲ್ಲ. ಅರ್ಧಚಂದ್ರಗಳು ಹೊಸವೋ ಹಳೆಯವೋ, ಎಷ್ಟು ಗ್ಲೊಮೆರುಲಸ್ ಇನ್ನೂ ಚೆನ್ನಾಗಿವೆ, ಎಷ್ಟು ಕಲೆಗಟ್ಟಿವೆ ಎಂಬುದನ್ನು ಬಯಾಪ್ಸಿ ಬಿಟ್ಟು ಬೇರೆ ಯಾವುದೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ವಯಸ್ಸೊಂದೇ ಬಯಾಪ್ಸಿ ಬೇಡ ಎನ್ನುವುದಕ್ಕೆ ಕಾರಣವಲ್ಲ. ಹತೋಟಿಗೆ ಬಾರದ ಬಿಪಿ, ರಕ್ತ ಹೆಪ್ಪುಗಟ್ಟದ ತೊಂದರೆ, ಕುಗ್ಗಿ ಚಿಕ್ಕದಾದ ಕಿಡ್ನಿ ಇವು ಕಾರಣಗಳು.

ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಲ್ಲಿ ಸಣ್ಣ ಎಳೆ ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲ್ಲಾಡದೆ ಮಲಗಬೇಕು. ರಕ್ತಸ್ರಾವದ ಅಪಾಯ ಇದ್ದೇ ಇದೆ. ಹಾಗಾಗಿ ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರೆ ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನೂ ಕೇಳಬೇಕಾಗುತ್ತದೆ.

ಆಂಕಾ ಜೋರಾಗಿ ಪಾಸಿಟಿವ್ ಬಂದು ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಬಯಾಪ್ಸಿ ರಿಪೋರ್ಟಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡುತ್ತಾರೆ. ಅದು ಅವಸರದ ಕೆಲಸವಲ್ಲ, ಸರಿಯಾದ ಕ್ರಮ.

ಐದನೇ ಹೆಜ್ಜೆ: ಸೋಂಕಿನ ಬಾಗಿಲು ಮುಚ್ಚಿ

ಮೊದಲ ವರ್ಷದಲ್ಲಿ ಈ ರೋಗಿಗಳ ಜೀವ ತೆಗೆಯುವುದರಲ್ಲಿ ಕಾಯಿಲೆಗಿಂತ ಸೋಂಕೇ ಮುಂದು. ಆದ್ದರಿಂದ ಔಷಧಿಯ ಮೊದಲ ಹನಿ ಬೀಳುವ ಮುಂಚೆಯೇ ಸೋಂಕಿನ ಯೋಚನೆ ಶುರುವಾಗಬೇಕು.

ಹೃದಯದ ಕವಾಟದ ಸೋಂಕಿನಲ್ಲೂ ಆಂಕಾ ಪಾಸಿಟಿವ್ ಬರಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಲ್ಲಿರುವ ಸ್ಟೆಫೈಲೊಕಾಕಸ್ ರೋಗಾಣುವಿನಿಂದಲೂ ಕಿಡ್ನಿಗೆ ಉರಿಯೂತ ಬರಬಹುದು. ಅಂಥವರಿಗೆ ಸ್ಟೀರಾಯ್ಡ್ ಸುರಿದರೆ ಬೆಂಕಿಗೆ ತುಪ್ಪ. ಜ್ವರ ಇದ್ದರೆ ರಕ್ತದ ಕಲ್ಚರ್, ಹೃದಯದ ಎಕೋ ಮಾಡಿಸಿದ್ದೀರಾ ಎಂದು ವಿಚಾರಿಸಿ. ಪಾದದ ಬೆರಳ ಸಂದಿಯನ್ನೂ ವೈದ್ಯರಿಗೆ ತೋರಿಸಿ.

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಕೊಡುವ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಹಿಂದೆ ಯಾವಾಗಲೋ ಬಂದು ಹೋದ ವೈರಸ್ ಮತ್ತೆ ಎದ್ದು ಲಿವರ್ ಕೆಡಿಸಬಹುದು. ಟಿಬಿ ಕೂಡ ಹಾಗೆಯೇ. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಸಾಧ್ಯವಾದರೆ ರಿಟುಕ್ಸಿಮ್ಯಾಬ್‌ಗೆ ಮುಂಚೆ ಹಾಕಿಸಿ, ಆಮೇಲೆ ಹಲವು ತಿಂಗಳು ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆದರೆ ಲಸಿಕೆಗೆಂದು ಚಿಕಿತ್ಸೆ ಮುಂದೂಡಬೇಡಿ. ಜೀವಂತ ವೈರಸ್ ಇರುವ ಲಸಿಕೆ ಈ ಔಷಧಿಗಳ ಮೇಲಿರುವಾಗ ಬೇಡವೇ ಬೇಡ.

ಆರನೇ ಹೆಜ್ಜೆ: ಔಷಧಿ ಯಾವುದು, ಎಷ್ಟು

ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಅನ್ನು ಡ್ರಿಪ್‌ನಲ್ಲಿ ದಿನಕ್ಕೆ 500ರಿಂದ 1000 ಮಿ.ಗ್ರಾಂ ಹಾಗೆ ಒಂದರಿಂದ ಮೂರು ದಿನ ಕೊಡುತ್ತಾರೆ. ನಂತರ ಪ್ರೆಡ್ನಿಸೊಲೋನ್ ಮಾತ್ರೆ. ಅದರ ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಅಥವಾ ರಿಟುಕ್ಸಿಮ್ಯಾಬ್.

ಸ್ಟೀರಾಯ್ಡ್ ಎಷ್ಟು ಬೇಗ ಇಳಿಸುತ್ತೀರಿ ಎಂದು ಮೊದಲ ದಿನವೇ ಕೇಳಿ. 2020ರಲ್ಲಿ ಪ್ರಕಟವಾದ ಪೆಕ್ಸಿವಾಸ್ ಅಧ್ಯಯನದಲ್ಲಿ 704 ರೋಗಿಗಳಿದ್ದರು. ಎರಡನೇ ವಾರಕ್ಕೇ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ, ಆರು ತಿಂಗಳ ಒಟ್ಟು ಸ್ಟೀರಾಯ್ಡ್ ಅನ್ನು ಹಳೇ ಪದ್ಧತಿಯ 60%ಗಿಂತ ಕೆಳಗೆ ತಂದವರಲ್ಲಿ, ಸಾವು ಮತ್ತು ಕಿಡ್ನಿ ಪೂರ್ತಿ ಹೋಗುವುದು ಜಾಸ್ತಿಯಾಗಲಿಲ್ಲ. ಮೊದಲ ವರ್ಷದ ಗಂಭೀರ ಸೋಂಕು ಮಾತ್ರ ಕಡಿಮೆಯಾಯಿತು. ಹಿರಿಯರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇನ್ನೇನು ಬೇಕು?

ಸೈಕ್ಲೋಫಾಸ್ಫಮೈಡ್ ಡ್ರಿಪ್‌ನ ಮಾಮೂಲಿ ಲೆಕ್ಕ ಕೆ.ಜಿ.ಗೆ 15 ಮಿ.ಗ್ರಾಂ. ವಯಸ್ಸು 60 ದಾಟಿದರೆ 12.5, 70 ದಾಟಿದರೆ 10. ಕ್ರಿಯಾಟಿನಿನ್ 3.4 ದಾಟಿದ್ದರೆ ಅದರಲ್ಲೂ 2.5 ಕಳೆಯುತ್ತಾರೆ. 60 ಕೆ.ಜಿ. ತೂಕದ, 74 ವರ್ಷದ, ಕ್ರಿಯಾಟಿನಿನ್ 4 ಇರುವ ವ್ಯಕ್ತಿಗೆ ಸಿಗುವುದು 450 ಮಿ.ಗ್ರಾಂ. ಕಿಡ್ನಿ ಇಷ್ಟು ಕೆಟ್ಟಿರದ, ಅದೇ ತೂಕದ ಯುವಕನಿಗೆ 900. ಫ್ರಾನ್ಸ್‌ನ ಕಾರ್ಟೇಜ್ ಅಧ್ಯಯನ 65 ದಾಟಿದವರ ಮೇಲೆಯೇ ನಡೆಯಿತು, 104 ಜನ ಇದ್ದರು. ಮೂರು ವಾರಕ್ಕೊಮ್ಮೆ 500 ಮಿ.ಗ್ರಾಂ ಮಾತ್ರ ಕೊಟ್ಟು ಸ್ಟೀರಾಯ್ಡ್ ಬೇಗ ಇಳಿಸಿದ ಗುಂಪಿನಲ್ಲಿ ಗಂಭೀರ ಅಡ್ಡಪರಿಣಾಮ 60% ಜನರಿಗೆ ಆಯಿತು, ಮಾಮೂಲಿ ಗುಂಪಿನಲ್ಲಿ 78%. ಕಾಯಿಲೆ ಹತೋಟಿಗೆ ಬಂದದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಡಿಮೆ ಡೋಸ್ ಎಂದರೆ ಅರೆಮನಸ್ಸಿನ ಚಿಕಿತ್ಸೆ ಎಂದು ತಿಳಿಯಬಾರದು ಎನ್ನುವುದಕ್ಕೇ ಈ ಲೆಕ್ಕ ಹೇಳಿದೆ.

ಡ್ರಿಪ್ ಆದ ಒಂದರಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ಅತಿ ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ರಕ್ತಕಣ ಎಣಿಸುವ ಒಂದು ಸಿಬಿಸಿ ಪರೀಕ್ಷೆ ಇರಲಿ. ಮುಂದಿನ ಡೋಸ್ ಅದನ್ನು ನೋಡಿಯೇ ಕೊಡಬೇಕು.

ರಿಟುಕ್ಸಿಮ್ಯಾಬ್‌ನಲ್ಲಿ ಬಿಳಿಕಣ ಇಳಿಯುವ ಕಾಟ ಕಡಿಮೆ, ಆದರೆ ಸೋಂಕಿನ ಭಯ ಅದಕ್ಕೂ ಇದೆ. ಕಿಡ್ನಿ ತೀರಾ ಕೆಟ್ಟಿರುವಾಗ ಎರಡರಲ್ಲಿ ಯಾವುದು, ಅಥವಾ ಸ್ವಲ್ಪ ಸ್ವಲ್ಪ ಎರಡೂ ಸೇರಿಸಿಯೋ ಎಂಬುದು ವೈದ್ಯರ ಅನುಭವಕ್ಕೆ ಬಿಟ್ಟದ್ದು.

ಪ್ಲಾಸ್ಮಾ ಎಕ್ಸ್‌ಚೇಂಜ್, ಅಂದರೆ ರಕ್ತದ ದ್ರವಭಾಗ ತೆಗೆದು ಬದಲಿಸುವುದು, ಆಂಟಿ-ಜಿಬಿಎಂ ಕಾಯಿಲೆಯಲ್ಲಿ ಮುಖ್ಯ ಚಿಕಿತ್ಸೆ. ಆಂಕಾ ಕಾಯಿಲೆಯಲ್ಲಿ ಎಲ್ಲರಿಗೂ ಬೇಕಿಲ್ಲ. ಕ್ರಿಯಾಟಿನಿನ್ ತುಂಬ ಏರಿದವರಲ್ಲಿ ಡಯಾಲಿಸಿಸ್ ಸಾಧ್ಯತೆ ಸ್ವಲ್ಪ ತಗ್ಗಬಹುದು, ಸೋಂಕಿನ ಅಪಾಯ ಏರುತ್ತದೆ.

ಏಳನೇ ಹೆಜ್ಜೆ: ಸ್ಟೀರಾಯ್ಡ್ ದಿನಗಳ ಕಾವಲು

ಡ್ರಿಪ್ ಶುರುವಾದ ಎರಡನೇ ರಾತ್ರಿ ಹೀಗಿರಬಹುದು. ವಾರದಿಂದ ಮಾತೇ ಆಡದಿದ್ದ ಅಜ್ಜಿ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದಾರೆ. ಹೊದಿಕೆ ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಾರೆ. ಮನೆಗೆ ಹೋಗೋಣ, ಚೀಲ ಎಲ್ಲಿ ಎನ್ನುತ್ತಾರೆ. ಪಕ್ಕದಲ್ಲಿ ಮಲಗಿದ್ದ ಮಗಳಿಗೆ ಅಮ್ಮ ಹುಷಾರಾದರು ಎಂದು ಖುಷಿ. ಬೆಳಿಗ್ಗೆ ನೋಡಿದರೆ ಸಕ್ಕರೆ 380, ನಿದ್ದೆ ಸೊನ್ನೆ, ಯಾರು ಬಂದರೂ ಗುರುತಿಲ್ಲ. ಸ್ಟೀರಾಯ್ಡ್‌ನಿಂದ ಹಿರಿಯರಲ್ಲಿ ಹೀಗೆ ಗೊಂದಲ ಆಗುತ್ತದೆ. ಸೋಂಕಿನಿಂದಲೂ ಹೀಗೇ ಆಗಬಹುದು. ರಾತ್ರಿಯೇ ನರ್ಸ್‌ಗೆ ಹೇಳಿ.

ಮಾತ್ರೆಗೆ ಬಂದ ಮೇಲೆ ಪ್ರೆಡ್ನಿಸೊಲೋನ್ ಬೆಳಿಗ್ಗೆ ತಿಂಡಿಯ ಜೊತೆ ಕೊಡಿ. ಸಂಜೆ ಕೊಟ್ಟರೆ ರಾತ್ರಿ ಜಾಗರಣೆ. ಬೆಳಗಿನ ಡೋಸ್‌ಗೆ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ. ಬರೀ ಖಾಲಿ ಹೊಟ್ಟೆಯ ಸಕ್ಕರೆ ನೋಡಿ ನಾರ್ಮಲ್ ಎಂದುಕೊಂಡರೆ ಮೋಸ ಹೋಗುತ್ತೀರಿ. ಸಕ್ಕರೆ ಕಾಯಿಲೆ ಇಲ್ಲದವರಿಗೂ ರಾತ್ರಿ ಊಟದ ಮುಂಚೆ ಒಮ್ಮೆ ನೋಡಬೇಕು.

ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾ ತಡೆಯಲು ಕೋಟ್ರೈಮಾಕ್ಸಜೋಲ್ ಕೊಡುತ್ತಾರೆ. ಚೀಟಿಯಲ್ಲಿ ಅದು ಕಾಣದಿದ್ದರೆ ಮರೆತಿದ್ದೀರಾ ಎಂದೇ ಕೇಳಿ. ಅದರಿಂದ ಪೊಟ್ಯಾಸಿಯಂ ಏರಬಹುದು, ಅದರಲ್ಲೂ ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಜೊತೆಗಿದ್ದರೆ. ಶುರುವಿನಲ್ಲಿ ಪೊಟ್ಯಾಸಿಯಂ ಪದೇ ಪದೇ ನೋಡಬೇಕು. ಕಡಿಮೆ ಸೋಡಿಯಂ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದನ್ನು ಮನೆಗೆ ತರಲೇಬೇಡಿ. ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂ ಒಳಗೆ ಇಡಿ.

ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕಾಗಬಹುದು. ಮೂಳೆ ಗಟ್ಟಿ ಮಾಡುವ ಕೆಲವು ಮಾತ್ರೆ ಕಿಡ್ನಿ ಕೆಟ್ಟವರಿಗೆ ಆಗುವುದಿಲ್ಲ. ತೊಡೆಯ ಸ್ನಾಯು ಸೋಲುವುದರಿಂದ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ. ದಿನಾ ನಾಲ್ಕು ಸಲ ಕೈ ಊರದೆ ಎದ್ದು ಕೂರುವ ಅಭ್ಯಾಸ ಮಾಡಿಸಿ, ಪಕ್ಕದಲ್ಲಿ ನೀವು ನಿಂತಿರಿ. ಊಟ ತೀರಾ ಬಿಗಿ ಮಾಡಬೇಡಿ. ಕಿಡ್ನಿ ಎಂದ ಕೂಡಲೇ ಪ್ರೋಟೀನ್ ಪೂರ್ತಿ ನಿಲ್ಲಿಸಿ ಹಿರಿಯರನ್ನು ಒಣಗಿಸುವ ಮನೆಗಳುಂಟು. ಎಷ್ಟು ಎಂದು ಡಯೆಟಿಷಿಯನ್ ಹೇಳಲಿ.

ಸ್ಟೀರಾಯ್ಡ್ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಾಪಾಯ ಆಗಬಹುದು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದರೂ ಅದೇ ಅಪಾಯ, ಇಂಜೆಕ್ಷನ್ ಬೇಕಾಗುತ್ತದೆ. ಸ್ಟೀರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ ಎಂಬುದೂ ನೆನಪಿರಲಿ. 100 ಡಿಗ್ರಿ ಬರಲಿ ಎಂದು ಕಾಯುವ ಹಾಗಿಲ್ಲ. ನಡುಕ, ಹೊಸ ಕೆಮ್ಮು, ಏದುಸಿರು, ಮಂಕು, ಊಟ ಪೂರ್ತಿ ಬಿಡುವುದು ಇವುಗಳಲ್ಲಿ ಒಂದು ಕಂಡರೂ ಅವತ್ತೇ ಫೋನ್ ಮಾಡಿ.

ಎಂಟನೇ ಹೆಜ್ಜೆ: ಡಯಾಲಿಸಿಸ್ ಬೇಕಾದರೆ

ಡಯಾಲಿಸಿಸ್ ಶುರುವಾಯಿತು ಎಂದರೆ ಎಲ್ಲ ಮುಗಿಯಿತು ಎಂದಲ್ಲ. ಆಂಕಾ ಕಾಯಿಲೆಯಲ್ಲಿ ಡಯಾಲಿಸಿಸ್‌ಗೆ ಹೋದವರಲ್ಲೂ ಕೆಲವರು ಮೊದಲ ಮೂರ್ನಾಲ್ಕು ತಿಂಗಳಲ್ಲಿ ಅದರಿಂದ ಹೊರಬರುತ್ತಾರೆ. ಆ ಅವಧಿಯಲ್ಲಿ ದಿನಕ್ಕೆ ಎಷ್ಟು ಮೂತ್ರ ಹೋಗುತ್ತಿದೆ ಎಂದು ಅಳೆದು ಬರೆದಿಡಿ. ವೈದ್ಯರಿಗೆ ಕಿಡ್ನಿ ಎದ್ದೇಳುತ್ತಿರುವ ಸುಳಿವು ಸಿಗಬಹುದು.

ಮೂರು ತಿಂಗಳಾದರೂ ಡಯಾಲಿಸಿಸ್ ಬಿಡಲಾಗಿಲ್ಲ, ಶ್ವಾಸಕೋಶ, ನರ ಯಾವುದರಲ್ಲೂ ಕಾಯಿಲೆ ಉಳಿದಿಲ್ಲ ಎಂದಾಗ ಉರಿಯೂತದ ಔಷಧಿಗಳನ್ನು ನಿಲ್ಲಿಸುವ ಮಾತು ಬರಬೇಕು. ಈ ಮಾತನ್ನು ವೈದ್ಯರು ಎತ್ತದಿದ್ದರೆ ನೀವೇ ಎತ್ತಿ. ಕಿಡ್ನಿಗೆ ಲಾಭವಿಲ್ಲದ ಮೇಲೆ ಬರೀ ಸೋಂಕಿನ ಅಪಾಯ ಹೊತ್ತುಕೊಂಡು ಏನು ಪ್ರಯೋಜನ? ಆಂಟಿ-ಜಿಬಿಎಂನಲ್ಲಿ ಡಯಾಲಿಸಿಸ್ ಹಂತಕ್ಕೇ ಬಂದಿದ್ದು, ಬಯಾಪ್ಸಿಯಲ್ಲಿ ಎಲ್ಲ ಗ್ಲೊಮೆರುಲಸ್‌ಗಳೂ ಅರ್ಧಚಂದ್ರವಾಗಿದ್ದು, ಶ್ವಾಸಕೋಶದಲ್ಲಿ ರಕ್ತ ಇಲ್ಲದಿದ್ದರೆ ಬಲವಾದ ಔಷಧಿ ಶುರು ಮಾಡದೇ ಇರುವುದೇ ಸರಿ ಎನ್ನಿಸಬಹುದು.

ಹಾಸಿಗೆ ಬಿಟ್ಟೇಳದ, ಹಲವು ಕಾಯಿಲೆಗಳಿಂದ ಬಳಲಿದ ಹಿರಿಯರು ಡಯಾಲಿಸಿಸ್ ಬೇಡ ಎನ್ನಬಹುದು. ಆಗಲೂ ಊತ, ಉಸಿರಾಟದ ಕಷ್ಟ, ತುರಿಕೆ, ನೋವಿಗೆ ಚಿಕಿತ್ಸೆ ಇದೆ. ಕೈಬಿಟ್ಟೆವು ಎಂದುಕೊಳ್ಳಬೇಕಿಲ್ಲ. ಅವರಿಗೆ ತಿಳಿವಳಿಕೆ ಚೆನ್ನಾಗಿರುವಾಗಲೇ ಅವರನ್ನೇ ಕೇಳಿ. ಮಕ್ಕಳು ಮಕ್ಕಳೇ ಕಾರಿಡಾರ್‌ನಲ್ಲಿ ನಿಂತು ತೀರ್ಮಾನಿಸುವುದು ಬೇಡ, ಅಲ್ವಾ?

ಒಂಬತ್ತನೇ ಹೆಜ್ಜೆ: ಹತೋಟಿಗೆ ಬಂದ ಮೇಲೆ

ಮೂರರಿಂದ ಆರು ತಿಂಗಳಲ್ಲಿ ಉರಿಯೂತ ತಣ್ಣಗಾದರೆ ಮತ್ತೆ ಬರದಂತೆ ನೋಡಿಕೊಳ್ಳುವ ಔಷಧಿ ಶುರುವಾಗುತ್ತದೆ. ರಿಟುಕ್ಸಿಮ್ಯಾಬ್ ಆರು ತಿಂಗಳಿಗೊಮ್ಮೆ 500 ಮಿ.ಗ್ರಾಂ, ಇಲ್ಲವೇ ದಿನಾ ಅಜಥಯೋಪ್ರಿನ್ ಮಾತ್ರೆ. ಯೂರಿಕ್ ಆ್ಯಸಿಡ್‌ಗೆ ಅಲೊಪ್ಯೂರಿನಾಲ್ ತಿನ್ನುವವರಿಗೆ ಅಜಥಯೋಪ್ರಿನ್ ಜೊತೆ ಅದು ಅಪಾಯ, ರಕ್ತಕಣ ತೀರಾ ಕುಸಿಯುತ್ತದೆ. ರಿಟುಕ್ಸಿಮ್ಯಾಬ್ ಪಡೆಯುವವರಿಗೆ ಐಜಿಜಿ ಎಂಬ ರಕ್ಷಕ ಪ್ರೋಟೀನ್ ಮಟ್ಟವನ್ನು ಆಗಾಗ ನೋಡುತ್ತಾರೆ.

ಆಂಕಾದಲ್ಲಿ ಪಿಆರ್3 ಮತ್ತು ಎಂಪಿಒ ಎಂದು ಎರಡು ಬಗೆ. ಹಿರಿಯರಲ್ಲಿ ಹೆಚ್ಚಾಗಿ ಕಾಣುವುದು ಎಂಪಿಒ, ಮರುಕಳಿಸುವುದು ಹೆಚ್ಚು ಪಿಆರ್3. ಔಷಧಿ ಎಷ್ಟು ಕಾಲ ಎನ್ನುವುದು ಇದರ ಮೇಲೂ ನಿಂತಿದೆ, ಹಾಗಾಗಿ ನಿಮ್ಮದು ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ.

ಮನೆಯಲ್ಲಿ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ ತೂಕ, ಆಮೇಲೆ ಕೂತು ಬಿಪಿ, ವಾರಕ್ಕೊಮ್ಮೆ ಡಿಪ್‌ಸ್ಟಿಕ್‌ನಲ್ಲಿ ಮೂತ್ರದ ರಕ್ತ ಮತ್ತು ಪ್ರೋಟೀನ್. ಮಾಯವಾಗಿದ್ದ ರಕ್ತ ಮತ್ತೆ ಕಂಡರೆ, ಎರಡು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಮೂಗಿನಲ್ಲಿ ಮತ್ತೆ ಹಕ್ಕಳೆ ಕಟ್ಟಲು ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯದೆ ಕ್ರಿಯಾಟಿನಿನ್ ಮಾಡಿಸಿ ರಿಪೋರ್ಟ್ ಕಳಿಸಿ.